ಕಪ್ಪಾದ ಆಲೂಗಡ್ಡೆ, ಬೆಳ್ಳಿಯ ಊರು: ದೂರದ ಹಸಿವು, ದೂರದ ಸಾವಿನ ಬಗ್ಗೆ ಐರಿಶ್ ಕವಿಗಳು

ಕಾರ್ಕ್ ಕನ್ನಡತಿ | ಭಾನುವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಐರ್ಲೆಂಡಿನ ಕಾರ್ಕ್‌ಗೆ ಬಂದು ಹನ್ನೊಂದು ವರ್ಷ ಆಯಿತು. ಮಗಳು ಇಲ್ಲೇ ಶಾಲೆಗೆ ಹೋಗುತ್ತಾಳೆ. ಇಲ್ಲಿ ಪ್ರೈಮರಿಯಿಂದಲೇ ಐರಿಶ್ ಭಾಷೆ ಕಲಿಸುತ್ತಾರೆ. ಅವಳಿಗೆ ಹೋಂವರ್ಕ್ ಮಾಡಿಸುತ್ತಾ ನನಗೂ ಸ್ವಲ್ಪ ಬಂತು. ಈಗ ನಿಘಂಟು ಪಕ್ಕದಲ್ಲಿಟ್ಟುಕೊಂಡು ಕವಿತೆ ಓದುತ್ತೇನೆ.

ಒಂದು ಕವಿತೆಯ ಕೊನೇ ಪದ ಎರಡು ವಾರದಿಂದ ತಲೆ ಬಿಟ್ಟು ಹೋಗುತ್ತಿಲ್ಲ. ಅದಕ್ಕೆ ಕನ್ನಡ ಹುಡುಕಲು ನಿಮ್ಮ ಸಹಾಯ ಬೇಕು.

ಬರೆದವರು ನೂಲಾ ನೀ ಗೋನಿಲ್. ಹುಟ್ಟಿದ್ದು 1952ರಲ್ಲಿ ಇಂಗ್ಲೆಂಡಿನಲ್ಲಿ, ಬೆಳೆದದ್ದು ಕೆರ್ರಿ ಸೀಮೆಯ ಐರಿಶ್ ಮಾತಾಡುವ ಜನರ ನಡುವೆ. ಕವಿತೆಯ ಹೆಸರು 'ಡುವ್', ಅಂದರೆ ಕಪ್ಪು. ಹೆಸರಿನ ಕೆಳಗೆ ಒಂದು ತಾರೀಕು ಇದೆ. 1995ರ ಜುಲೈ 11. ಯುರೋಪಿನ ಬೋಸ್ನಿಯಾದ ಯುದ್ಧದಲ್ಲಿ ಸ್ರೆಬ್ರೆನಿತ್ಸಾ ಊರು ಬಿದ್ದ ದಿನ. ಆ ಊರನ್ನು ವಿಶ್ವಸಂಸ್ಥೆ 'ಸುರಕ್ಷಿತ ಪ್ರದೇಶ' ಅಂತ ಘೋಷಿಸಿತ್ತು. ಡಚ್ ಸೈನಿಕರು ಕಾವಲಿಗಿದ್ದರು. ಬೋಸ್ನಿಯಾದ ಸರ್ಬ್ ಪಡೆ ನುಗ್ಗಿತು. ಮುಂದಿನ ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಂದರು.

ಈಗ ಕವಿತೆಗೆ ಬರೋಣ. ಅದರಲ್ಲಿ ಬಂದೂಕು ಇಲ್ಲ, ರಕ್ತ ಇಲ್ಲ, ಹೆಣ ಇಲ್ಲ. ಇರುವುದೆಲ್ಲ ಐರ್ಲೆಂಡಿನ ಒಂದು ಸಾದಾ ಬೆಳಗ್ಗೆ. ಆಕಾಶ ಕಪ್ಪು, ಸಮುದ್ರ ಕಪ್ಪು, ಗಿಡ ಮರ ಕಪ್ಪು. ಮಕ್ಕಳನ್ನು ಶಾಲೆಗೆ ಬಿಡುವ ಕಾರುಗಳೂ ಕಪ್ಪು. ಆಮೇಲೆ ಅಡುಗೆಮನೆಗೆ ಬರುತ್ತಾರೆ. ಆಲೂಗಡ್ಡೆ ಕಪ್ಪು, ಪಾತ್ರೆ ತಳಕ್ಕೆ ಹಾಕುವ ಕೋಸಿನ ಎಲೆ ಎಲೆಯೂ ಕಪ್ಪು. ಕ್ಯಾಥೊಲಿಕರು, ಪ್ರೊಟೆಸ್ಟಂಟರು, ಸರ್ಬರು, ಕ್ರೊಯೇಟರು, ಭೂಮಿ ಮೇಲೆ ನಡೆದಾಡುವ ಎಲ್ಲ ಜನಾಂಗಗಳೂ ಕಪ್ಪು. ರಾಜಕಾರಣಿಗಳು ಮಾತ್ರ ಕಪ್ಪನ್ನು ಬಿಳಿ ಅಂತ ನಮಗೆ ನಂಬಿಸಲು ಒದ್ದಾಡುತ್ತಿದ್ದಾರೆ.

ಹೀಗೆ ಕಪ್ಪು, ಕಪ್ಪು, ಕಪ್ಪು ಅಂತ ಕೊನೇವರೆಗೆ ಬಂದು, ಕಟ್ಟಕಡೆಯ ಪದ ಬೇರೆ. ಸ್ರೆಬ್ರೆನಿತ್ಸಾ, ಬೆಳ್ಳಿಯ ಊರು, 'ಬಾನ್' ಆಗಿದೆ ಅಂತ ಮುಗಿಯುತ್ತದೆ.

'ಬಾನ್' ಅಂದರೆ ಐರಿಶ್‌ನಲ್ಲಿ ಬಿಳಿ. ಅದೇ ಪದಕ್ಕೆ ಖಾಲಿ, ಜನ ಇಲ್ಲದ್ದು, ಉಳುಮೆ ಇಲ್ಲದೆ ಬಿದ್ದ ನೆಲ ಅನ್ನುವ ಅರ್ಥವೂ ಇದೆ. ಎರಡೂ ಒಂದೇ ಸಲ ಕೇಳಿಸುತ್ತದೆ. ಬಿಳಿ ಅಂತ ಬರೆದರೆ ಖಾಲಿ ಹೋಗುತ್ತದೆ. ಖಾಲಿ ಅಂತ ಬರೆದರೆ ಅಷ್ಟು ಹೊತ್ತು ಹೇಳಿದ ಕಪ್ಪಿಗೆ ಎದುರು ನಿಲ್ಲುವ ಬಿಳಿ ಹೋಗುತ್ತದೆ. ನಾನು ಏನು ಮಾಡಲಿ?

ತುಂಗಾ ತೀರ | ಭಾನುವಾರ, ರಾತ್ರಿ 11:05

ಅಕ್ಕ, ಓದಿ ಮೈ ಜುಮ್ ಅಂತು. ಒಂದು ಪ್ರಶ್ನೆ. ಐರ್ಲೆಂಡಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡೋದು ಅಲ್ವಾ? ಇಂಗ್ಲಿಷ್‌ನಲ್ಲಿ ಬರೆದಿದ್ದರೆ ಇಡೀ ಜಗತ್ತು ಓದುತ್ತಿತ್ತು. ಬೋಸ್ನಿಯಾದ ಬಗ್ಗೆ ಐರಿಶ್‌ನಲ್ಲಿ ಬರೆದರೆ ಓದುವವರು ಯಾರು?

ಕಾರ್ಕ್ ಕನ್ನಡತಿ | ಸೋಮವಾರ, ಬೆಳಿಗ್ಗೆ 7:15

ಈ ಪ್ರಶ್ನೆ ನನಗೂ ಇತ್ತು. ಉತ್ತರ ಆ ಕಪ್ಪು ಆಲೂಗಡ್ಡೆಯಲ್ಲಿದೆ ಅಂತ ಈಗ ಅನಿಸುತ್ತದೆ.

1845ರಲ್ಲಿ ಇಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಬಡವರಿಗೆ ಬೆಳಗ್ಗೆಯಿಂದ ರಾತ್ರಿವರೆಗೆ ಅದೇ ಊಟ. ಹೊಲದಲ್ಲಿ ಎಲೆ ಕಪ್ಪಾಯಿತು. ಅಗೆದು ನೋಡಿದರೆ ಗಡ್ಡೆಯೂ ಕಪ್ಪಾಗಿ ಕೊಳೆತಿತ್ತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಇನ್ನೂ ಸುಮಾರು ಅಷ್ಟೇ ಜನ ಹಡಗು ಹತ್ತಿ ದೇಶ ಬಿಟ್ಟರು. 1841ರಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿಯಿತು. ಅಷ್ಟರ ನಡುವೆಯೂ ಇಲ್ಲಿನ ಬಂದರುಗಳಿಂದ ಧಾನ್ಯ, ಬೆಣ್ಣೆ, ದನ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು.

ಜಾಸ್ತಿ ಸತ್ತವರು ಪಶ್ಚಿಮ ಮತ್ತು ದಕ್ಷಿಣದ ಬಡವರು, ಅಂದರೆ ಐರಿಶ್ ಮಾತಾಡುವವರು. 1851ರ ಗಣತಿಯಲ್ಲಿ ಮೊದಲ ಸಲ ಭಾಷೆಯ ಲೆಕ್ಕ ಹಾಕಿದರು. ಐರಿಶ್ ಬರುವವರು ಸುಮಾರು 15 ಲಕ್ಷ, ನಾಲ್ಕರಲ್ಲಿ ಒಂದು ಪಾಲಿಗೂ ಕಡಿಮೆ. ಉಳಿದ ಮಕ್ಕಳಿಗೆ ತಾಯಂದಿರೇ ಇಂಗ್ಲಿಷ್ ಕಲಿಸಿದರು. ಅಮೆರಿಕದ ಹಡಗು ಹತ್ತಲು ಅದೇ ಬೇಕಿತ್ತು.

ಆದ್ದರಿಂದ ಐರಿಶ್‌ನಲ್ಲಿ 'ಆಲೂಗಡ್ಡೆ ಕಪ್ಪು' ಅಂದರೆ ಅದು ಬರೀ ಬಣ್ಣದ ಮಾತಲ್ಲ. ಬರಗಾಲದ ಹೊತ್ತಿನಲ್ಲೇ ವಾಟರ್‌ಫರ್ಡ್ ಸೀಮೆಯ ರಿಂಗ್ ಅನ್ನುವ ಊರಿನ ಮೊಯ್ರಾ ನೀ ಗ್ರೊಮಾ ಅನ್ನುವ ಹೆಂಗಸು ಕಟ್ಟಿದ ಹಾಡಿನ ಹೆಸರೇ 'ಕಪ್ಪು ಆಲೂಗಡ್ಡೆ'. ನೀ ಗೋನಿಲ್ ಬೋಸ್ನಿಯಾದ ಸುದ್ದಿ ಕೇಳಿದ ದಿನ ತಮ್ಮ ಅಡುಗೆಮನೆಯ ಆಲೂಗಡ್ಡೆ ಕಪ್ಪು ಅಂದಾಗ, ನೂರೈವತ್ತು ವರ್ಷದ ಹಿಂದಿನ ಹೆಣಗಳೂ ಆ ಮಾತಿನೊಳಗೆ ಬಂದು ಕೂರುತ್ತವೆ. ಇಂಗ್ಲಿಷ್‌ನಲ್ಲಿ ಅದು ತರಕಾರಿ. ಐರಿಶ್‌ನಲ್ಲಿ ಅದು ಸಾವು.

ಬಳ್ಳಾರಿ ಮೇಷ್ಟ್ರು | ಸೋಮವಾರ, ಬೆಳಿಗ್ಗೆ 9:40

ತಂಗಿ, ಬಹಳ ಒಳ್ಳೆಯ ವಿಷಯ ತೆಗೆದಿದ್ದೀರಿ. ರಿಂಗ್ ಊರಿನ ಆ ಹಾಡಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ.

ಆ ಹಾಡಿನಲ್ಲಿ ಒಂದು ಸಾಲಿದೆ. ಬಡವರನ್ನು ಚಳಿಗೆ, ಅಲೆದಾಟಕ್ಕೆ ದೂಡುವ ಈ ಕೆಲಸ ದೇವರು ಮಾಡಿದ್ದಲ್ಲ ಅಂತ ಆಕೆ ಹೇಳುತ್ತಾಳೆ. ಇದನ್ನು ಆ ಕಾಲದಲ್ಲಿ ಇಟ್ಟು ನೋಡಬೇಕು. ಆಗ ಐರ್ಲೆಂಡನ್ನು ಆಳುತ್ತಿದ್ದ ಬ್ರಿಟಿಷರ ಖಜಾನೆಯಲ್ಲಿ ಪರಿಹಾರದ ಕೆಲಸ ನೋಡುತ್ತಿದ್ದವನು ಚಾರ್ಲ್ಸ್ ಟ್ರೆವೆಲ್ಯನ್. ಅವನು 1848ರಲ್ಲಿ ಬರೆದ ಬರಹದಲ್ಲಿ ಈ ಬರಗಾಲ ದೈವದ ನೇರ ಏಟು ಅನ್ನುವ ಅರ್ಥದಲ್ಲೇ ಮಾತಾಡಿದ. ಲಂಡನ್ನಿನ ದೊಡ್ಡ ಅಧಿಕಾರಿ ದೇವರ ಕಡೆ ಬೆರಳು ತೋರಿಸುತ್ತಾನೆ. ಹಸಿದ ಊರಿನ ಹೆಣ್ಣುಮಗಳು ಅಲ್ಲ, ಇದು ಮನುಷ್ಯರ ಕೆಲಸ ಅನ್ನುತ್ತಾಳೆ. ಇವತ್ತು ಮಾನವ ಹಕ್ಕು ಅಂತ ನಾವು ಏನನ್ನು ಕರೆಯುತ್ತೇವೋ ಅದರ ಮೊದಲ ಮಾತು ನನಗೆ ಅಲ್ಲಿ ಕೇಳಿಸುತ್ತದೆ.

ಅದೇ ಟ್ರೆವೆಲ್ಯನ್ 1859ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದ. ನಮ್ಮ ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. 1876ರಿಂದ 78ರ ಧಾತು, ಈಶ್ವರ ಸಂವತ್ಸರಗಳ ಬರದ ಹೊತ್ತಿಗೆ ಅವನು ಇಲ್ಲಿರಲಿಲ್ಲ. ಆದರೆ ಮಾರುಕಟ್ಟೆಗೆ ಕೈ ಹಾಕಬೇಡಿ, ಪುಕ್ಕಟೆ ಊಟ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಅನ್ನುವ ಅದೇ ಯೋಚನೆ ಇಲ್ಲೂ ಕೆಲಸ ಮಾಡಿತು. ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಕಲ್ಲು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಅಂದ. ಅಂದರೆ ಅರ್ಧ ಕೇಜಿಗೂ ಕಡಿಮೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಮೀರಿದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು. ಆ ವರ್ಷಗಳಲ್ಲೂ ಇಂಡಿಯಾದಿಂದ ಗೋಧಿ ಹೊರಗೆ ಹೋಗುತ್ತಿತ್ತು.

ನಮ್ಮಜ್ಜಿ ಆ ಬರ ನೋಡಿದವಳಲ್ಲ. ಅವಳ ಅಜ್ಜಿ ನೋಡಿದ್ದಳು. ಆದರೂ ನಮ್ಮಜ್ಜಿ ದಿನಾ ಜೋಳ ಬೀಸುವ ಮೊದಲು ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಮನೆ ತುಂಬಿದ್ದರೂ ಬಿಡುತ್ತಿರಲಿಲ್ಲ.

ನೇರಮಾತು | ಸೋಮವಾರ, ಮಧ್ಯಾಹ್ನ 1:30

ಅಕ್ಕ, ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನನಗೆ ಇಲ್ಲಿ ಒಂದು ಕಸಿವಿಸಿ ಇದೆ.

ತಮ್ಮ ಬರಗಾಲದ ಬಗ್ಗೆ ಹಾಡು ಕಟ್ಟಿದ ಹೆಂಗಸಿಗೆ ಕೈ ಮುಗಿಯುತ್ತೇನೆ. ಅವಳು ಉಪವಾಸ ಇದ್ದವಳು. ಆದರೆ ಬೆಚ್ಚಗಿನ ಮನೆಯಲ್ಲಿ ಕೂತು ಟಿವಿ ನೋಡಿ, ಬೋಸ್ನಿಯಾದ ಬಗ್ಗೆ, ಆಫ್ರಿಕಾದ ಬಗ್ಗೆ, ಪ್ಯಾಲೆಸ್ತೀನಿನ ಬಗ್ಗೆ ಕವಿತೆ ಬರೆಯೋದು ಸುಲಭ ಅಲ್ವಾ? ಸತ್ತವರು ಅವರು, ಹೆಸರು ಬಂದದ್ದು ಕವಿಗೆ. ಕವಿತೆಯಿಂದ ಯಾರ ಹೊಟ್ಟೆ ತುಂಬುತ್ತದೆ?

ಕಾರ್ಕ್ ಕನ್ನಡತಿ | ಸೋಮವಾರ, ರಾತ್ರಿ 9:50

ತಪ್ಪು ತಿಳಿಯೋದೇನಿದೆ. ನಿಮ್ಮ ಪ್ರಶ್ನೆಯನ್ನೇ ಎದೆಗೆ ಇಟ್ಟುಕೊಂಡು ಬರೆದ ಕವಿತೆಯೊಂದು ಇದೆ. ಬರೆದವನು ಇದೇ ಕಾರ್ಕ್ ಊರಿನವನು.

ಮೈಕಲ್ ಡೇವಿಟ್, 1950ರಲ್ಲಿ ಹುಟ್ಟಿ 2005ರಲ್ಲಿ ತೀರಿಕೊಂಡ. ಮನೆಮಾತು ಐರಿಶ್ ಅಲ್ಲ, ಶಾಲೆಯಲ್ಲಿ ಕಲಿತದ್ದು. 1970ರಲ್ಲಿ ಇಲ್ಲಿನ ಯೂನಿವರ್ಸಿಟಿಯ ಹುಡುಗರ ಜೊತೆ 'ಇನ್‌ಟೀ' ಅನ್ನುವ ಪತ್ರಿಕೆ ಶುರು ಮಾಡಿದ. ಐರಿಶ್ ಕವಿತೆಯನ್ನು ಹಳ್ಳಿ, ಸಮುದ್ರ, ಹಳೇ ನೆನಪುಗಳಿಂದ ತೆಗೆದು ಬೀದಿಗೆ ತಂದ ಗುಂಪು ಅದು.

1982ರ ಸೆಪ್ಟೆಂಬರ್. ಲೆಬನಾನಿನ ರಾಜಧಾನಿ ಬೈರೂತಿನ ಸಬ್ರಾ, ಶತೀಲಾ ಅನ್ನುವ ಕಡೆ ಪ್ಯಾಲೆಸ್ತೀನಿ ನಿರಾಶ್ರಿತರು ಇದ್ದರು. ಸುತ್ತ ಇಸ್ರೇಲಿ ಸೈನ್ಯ ನಿಂತಿತ್ತು. ಅಲ್ಲಿನ ಫಲಾಂಜ್ ಅನ್ನುವ ಕ್ರೈಸ್ತ ಪಡೆಯವರು ಒಳಗೆ ಹೋಗಿ ಹೆಂಗಸರು ಮಕ್ಕಳು ಅನ್ನದೆ ಕೊಂದರು. ಡೇವಿಟ್ ಅದನ್ನು ಟಿವಿಯಲ್ಲಿ ನೋಡಿದ. ಕವಿತೆಯ ಮೇಲೆ ಅವನೇ ತಾರೀಕು ಹಾಕಿದ್ದಾನೆ, 18/9/82. ಟಿವಿಯಲ್ಲಿ ನೋಡಿ ಬರೆದದ್ದು ಅಂತಲೂ ಅವನೇ ಹೇಳಿದ್ದಾನೆ. ಮುಚ್ಚಿಟ್ಟಿಲ್ಲ.

ಕವಿತೆಯಲ್ಲಿ ಏನಾಗುತ್ತದೆ ಗೊತ್ತಾ? ರಾತ್ರಿ. ಅಪ್ಪ ಮಕ್ಕಳ ಕೋಣೆಯ ಬಾಗಿಲನ್ನು ಮೆಲ್ಲಗೆ ದೂಡುತ್ತಾನೆ. ಮೆಟ್ಟಿಲ ಮೇಲಿನ ಲೈಟಿನ ಬೆಳಕು ಒಳಗೆ ಬೀಳುವಷ್ಟೇ. ಮಕ್ಕಳಿಬ್ಬರೂ ಹೊದಿಕೆ ಒದ್ದು, ಅಡ್ಡಾದಿಡ್ಡಿ ಮಲಗಿದ್ದಾರೆ. ಎಲ್ಲ ಅಪ್ಪ ಅಮ್ಮಂದಿರೂ ದಿನಾ ನೋಡುವ ನೋಟ. ನಾನೂ ನಿನ್ನೆ ರಾತ್ರಿ ನೋಡಿದೆ. ಅದೇ ಬೆಳಕಿನಲ್ಲಿ ಅವನಿಗೆ ಕಾಣಿಸುವುದು ಬಿದ್ದ ಹಾಗೆ ಬಿದ್ದ ಹೆಣಗಳು. ಬಟ್ಟೆ ಮೇಲೆ ರಕ್ತ, ಒಡೆದ ತಲೆ. ಅವರನ್ನು ನನ್ನ ಇಬ್ಬರು ಪ್ಯಾಲೆಸ್ತೀನಿಗಳೇ ಅಂತ ಕರೆಯುತ್ತಾನೆ. ಮನೆಯ ಹೀಟಿಂಗಿನ ಬಿಸಿಯಲ್ಲಿ ಕೊಳೆಯುತ್ತಾ ಬಿದ್ದಿದ್ದಾರೆ ಅಂತ ಮುಗಿಯುತ್ತದೆ.

ನೋಡಿ, ನೀವು ಹೇಳಿದ ಬೆಚ್ಚಗಿನ ಮನೆ ಅಲ್ಲೇ ಇದೆ. ಅವನು ಅದನ್ನು ಬಚ್ಚಿಟ್ಟು ನಾನೂ ಬೈರೂತಿನಲ್ಲಿದ್ದೇನೆ ಅಂತ ನಟಿಸಲಿಲ್ಲ. ಹೀಟಿಂಗ್ ಇರುವ ಮನೆಯನ್ನೇ ಕವಿತೆಯ ಕೊನೇ ಸಾಲಿಗೆ ತಂದಿಟ್ಟ. ಸೆಪ್ಟೆಂಬರಿನ ಬೈರೂತ್ ಬಿಸಿ, ನಮ್ಮ ಮನೆಯೂ ಬಿಸಿ. ಆ ಒಂದು ಪದದ ಮೇಲೆ ಎರಡೂ ಊರು ನಿಂತಿವೆ.

ಹೊಟ್ಟೆ ತುಂಬುವ ಮಾತಿಗೆ ನಾಳೆ ಬರುತ್ತೇನೆ. ಮಗಳನ್ನು ಮಲಗಿಸಬೇಕು.

ಹಳೇಬೇರು | ಸೋಮವಾರ, ರಾತ್ರಿ 11:30

ಡೇವಿಟ್‌ಗಿಂತ ಮುಂಚಿನವರ ಹೆಸರೂ ಬರಲಿ. ನಾನು ಇವನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದ್ದು.

ಕ್ಯಾಟ್ಲೀನ್ ಮಾಡ್, ಐರ್ಲೆಂಡಿನ ಪಶ್ಚಿಮದ ಕಾನೆಮಾರ ಕಡೆಯವರು. 1941ರಲ್ಲಿ ಹುಟ್ಟಿ 1982ರಲ್ಲೇ ಹೋದರು. ಐರಿಶ್ ಹಳೇ ಧಾಟಿಯ ಹಾಡುಗಾರ್ತಿ, ನಟಿ, ಐರಿಶ್ ಮಾತಾಡುವ ಸೀಮೆಯ ನಾಗರಿಕ ಹಕ್ಕಿನ ಚಳವಳಿಯಲ್ಲಿ ಇದ್ದವರು. ಅವರದ್ದು ವಿಯೆಟ್ನಾಂ ಪ್ರೇಮಗೀತೆ ಅಂತ ಒಂದು ಕವಿತೆ. ಯುದ್ಧದ ನಡುವೆ ಇಬ್ಬರು ಪ್ರೇಮಿಗಳು. ಸುತ್ತ ಎಲ್ಲ ನಾಶ ಆಗುತ್ತಿರುವಾಗ ನಾವು ಪ್ರೀತಿ ಸಂಭ್ರಮಿಸುತ್ತಿದ್ದೇವೆ, ನಾಚಿಕೆ ಇಲ್ಲದವರು ಅಂತ ಜನ ಅಂದರು ಅಂತ ಶುರುವಾಗುತ್ತದೆ. ಮೇಲೆ ಹೆಣದ ವಾಸನೆಗೆ ಕಾಯುತ್ತಾ ಗಿಡುಗ ಸುತ್ತುತ್ತಿದೆ. ಅಯ್ಯೋ ಪಾಪ ಅನ್ನುವ ಧ್ವನಿ ಇಲ್ಲವೇ ಇಲ್ಲ. ವಿಯೆಟ್ನಾಮಿನವರು ಬರೀ ಸಾಯುವವರಲ್ಲ, ಬದುಕುವವರೂ ಹೌದು ಅಂತ ತೋರಿಸಿದ್ದಾರೆ. ನನಗೆ ಇವೆಲ್ಲದರಲ್ಲಿ ಹೆಚ್ಚು ಇಷ್ಟವಾದದ್ದು ಇದೇ.

ಇನ್ನೊಬ್ಬರು ಓವನ್ ಓ ಟೂರಿಶ್ಕ್. 1964ರಲ್ಲಿ ಹಿರೋಶಿಮಾದ ಬಗ್ಗೆ 'ಸತ್ತವರಿಗಾಗಿ ಪೂಜೆ' ಅನ್ನುವ ಅರ್ಥದ ನೀಳ್ಗವನ ಪ್ರಕಟಿಸಿದರು. ಚರ್ಚಿನಲ್ಲಿ ಸತ್ತವರಿಗೆ ಮಾಡುವ ಪೂಜೆಯ ಭಾಗಗಳನ್ನೇ ಕವಿತೆಯ ಭಾಗಗಳಾಗಿ ಇಟ್ಟಿದ್ದಾರೆ. ನಡೆಯುವುದು ಡಬ್ಲಿನ್‌ನಲ್ಲಿ. 1945ರ ಆಗಸ್ಟ್ 6ರ ಬೆಳಗ್ಗೆ, ಜನ ಎಂದಿನಂತೆ ಕೆಲಸಕ್ಕೆ ಹೊರಟಿದ್ದಾರೆ.

ಗಮನಿಸಿ, ಇಲ್ಲೂ ಅದೇ. ಡಬ್ಲಿನ್ ಬೀದಿ, ಮಕ್ಕಳು ಮಲಗುವ ಕೋಣೆ, ಮನೆಯ ಅಡುಗೆಮನೆ. ದೂರದ ಸಾವನ್ನು ನೋಡಲು ಇವರು ಅಲ್ಲಿಗೆ ಹೋಗುವುದಿಲ್ಲ. ಆ ಸಾವನ್ನೇ ಮನೆಯೊಳಗೆ ಕರೆದುಕೊಳ್ಳುತ್ತಾರೆ.

ನೇರಮಾತು | ಮಂಗಳವಾರ, ಬೆಳಿಗ್ಗೆ 8:10

ಹೀಟಿಂಗ್ ವಿಷಯ ಒಪ್ಪಿದೆ, ಅಕ್ಕ. ನಾನು ಯೋಚಿಸಿದ್ದಕ್ಕಿಂತ ಪ್ರಾಮಾಣಿಕ ಮನುಷ್ಯ.

ಆದರೆ ಇನ್ನೊಂದು ಮಾತು ಹೇಳಲೇಬೇಕು. ಐರಿಶರು ಬರೀ ನೊಂದವರಲ್ಲ. ಜಲಿಯನ್‌ವಾಲಾಬಾಗ್ ಆದಾಗ ಪಂಜಾಬಿನ ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಮೈಕಲ್ ಓಡ್ವಯರ್ ಐರ್ಲೆಂಡಿನ ಟಿಪ್ಪರರಿಯವನು. ಡಯರ್ ಮಾಡಿದ್ದು ಸರಿ ಅಂತ ಬೆನ್ನು ತಟ್ಟಿದವನು. ನಮ್ಮ ಅಜ್ಜ ಮುತ್ತಜ್ಜ ಹಸಿದಿದ್ದರು ಅಂದ ಮಾತ್ರಕ್ಕೆ ಇನ್ನೊಬ್ಬರ ಹಸಿವು ತಾನಾಗೇ ಅರ್ಥ ಆಗುವುದಿಲ್ಲ.

ಬಳ್ಳಾರಿ ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 10:00

ನಿಜ. ಅದಕ್ಕೆ ನಾನು ಬೇರೇನೂ ಹೇಳುವುದಿಲ್ಲ. ಮರು ವರ್ಷವೇ, 1920ರಲ್ಲಿ, ಪಂಜಾಬಿನ ಜಲಂಧರ್‌ನಲ್ಲಿದ್ದ ಕಾನಾಟ್ ರೇಂಜರ್ಸ್ ಪಡೆಯ ಐರಿಶ್ ಸಿಪಾಯಿಗಳು ಐರ್ಲೆಂಡಿನಲ್ಲಿ ಬ್ರಿಟಿಷ್ ಸೈನ್ಯ ಮಾಡುತ್ತಿದ್ದ ದೌರ್ಜನ್ಯಕ್ಕೆ ಸಿಟ್ಟಾಗಿ ಬಂದೂಕು ಕೆಳಗಿಟ್ಟರು. ಜೇಮ್ಸ್ ಡೇಲಿ ಅನ್ನುವ ಹುಡುಗನನ್ನು ಗುಂಡಿಟ್ಟು ಕೊಂದರು. ಓಡ್ವಯರೂ ಐರಿಶ್, ಡೇಲಿಯೂ ಐರಿಶ್.

ರೋಜರ್ ಕೇಸ್‌ಮೆಂಟ್ ಹೆಸರನ್ನೂ ಇಲ್ಲಿ ನೆನೆಯಬೇಕು. ಬ್ರಿಟಿಷ್ ಅಧಿಕಾರಿಯಾಗಿ ಕಾಂಗೋಗೆ ಹೋಗಿ, ರಬ್ಬರಿಗಾಗಿ ಅಲ್ಲಿನ ಜನರಿಗೆ ಕೊಟ್ಟ ಹಿಂಸೆಯ ವರದಿಯನ್ನು 1904ರಲ್ಲಿ ಹೊರಗೆ ತಂದವನು. ಆಮೇಲೆ ದಕ್ಷಿಣ ಅಮೆರಿಕದ ಪುಟುಮಾಯೊ ಕಾಡಿನಲ್ಲೂ ಅದೇ ಕೆಲಸ ಮಾಡಿದ. ಬೇಟೆಗೆ ಸಿಕ್ಕ ಜನಾಂಗದ ಕಣ್ಣಿನಿಂದ ನೋಡಿದ್ದರಿಂದಲೇ ಕಾಂಗೋ ತನಗೆ ಅರ್ಥವಾಯಿತು ಅನ್ನುವ ಅರ್ಥದ ಮಾತನ್ನು ಅವನು ಗೆಳತಿಗೆ ಬರೆದ. 1913ರಲ್ಲಿ ಐರಿಶ್ ಮಾತಾಡುವ ಕಾನೆಮಾರದಲ್ಲಿ ಟೈಫಸ್ ಜ್ವರ ಬಂದಾಗ ಇದು ಐರ್ಲೆಂಡಿನ ಪುಟುಮಾಯೊ ಅಂತ ಕೂಗಿ ಹೇಳಿ ಹಣ ಕೂಡಿಸಿದ. 1916ರಲ್ಲಿ ಲಂಡನ್ನಿನಲ್ಲಿ ಅವನನ್ನು ನೇಣಿಗೆ ಹಾಕಿದರು.

ನೊಂದವರಿಗೆಲ್ಲ ಈ ಕಣ್ಣು ಬರುವುದಿಲ್ಲ. ಬಂದವರ ಕೆಲಸವನ್ನು ಗುರುತಿಸೋಣ ಅಂತ ಅಷ್ಟೇ.

ಕಾರ್ಕ್ ಕನ್ನಡತಿ | ಮಂಗಳವಾರ, ರಾತ್ರಿ 9:15

ನಿನ್ನೆ ಬಿಟ್ಟ ಮಾತಿಗೆ ಬರುತ್ತೇನೆ. ಕವಿತೆಯಿಂದ ಯಾರ ಹೊಟ್ಟೆ ತುಂಬುತ್ತದೆ?

ನಮ್ಮ ಡೈನಿಂಗ್ ಟೇಬಲ್ ಮೇಲೆ ಈಗ ಒಂದು ರಟ್ಟಿನ ಡಬ್ಬಿ ಇದೆ. ಮಡಚಿ ಕೊಟ್ಟಿದ್ದರು, ಮಗಳೇ ಜೋಡಿಸಿದಳು. ಮೇಲೆ ನಾಣ್ಯ ಹಾಕಲು ಸೀಳು. ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ವ್ರತದ ಕಾಲದಲ್ಲಿ ಇಲ್ಲಿ ಮನೆಮನೆಗೆ ಈ ಡಬ್ಬಿ ಬರುತ್ತದೆ. ಕಳಿಸುವ ಸಂಸ್ಥೆಯ ಹೆಸರು ಟ್ರೋಕರ, 1973ರಲ್ಲಿ ಶುರುವಾದದ್ದು. ಟ್ರೋಕರ ಅಂದರೆ ಐರಿಶ್‌ನಲ್ಲಿ ಕರುಣೆ. ಅದಕ್ಕೂ ಮೊದಲು 1965ರಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ 'ಗೊರ್ತಾ'. ಗೊರ್ತಾ ಅಂದರೆ ಬರಗಾಲ. ತಮ್ಮ ಬರಗಾಲಕ್ಕೆ 'ದೊಡ್ಡ ಗೊರ್ತಾ' ಅಂತ ಹೆಸರಿಟ್ಟ ಜನ, ಬೇರೆಯವರ ಬರಗಾಲಕ್ಕೆ ನೆರವಾಗುವ ಸಂಸ್ಥೆಗೂ ಅದೇ ಹೆಸರಿಟ್ಟರು. ಇಂಗ್ಲಿಷ್ ಮಾತಾಡುವ ದೇಶದಲ್ಲಿ ಈ ಕೆಲಸಕ್ಕೆ ಬಾಯಿಗೆ ಬಂದದ್ದು ಐರಿಶ್ ಪದಗಳು. ಇದು ಸುಮ್ನೆ ಆದದ್ದು ಅಂತ ನನಗೆ ಅನಿಸುವುದಿಲ್ಲ.

ಕಾರ್ಕ್‌ನಿಂದ ಅರ್ಧ ಗಂಟೆ ಹೋದರೆ ಮಿಡಲ್ಟನ್. ಅಲ್ಲಿನ ಪಾರ್ಕಿನಲ್ಲಿ ಉಕ್ಕಿನ ಒಂಬತ್ತು ಹದ್ದಿನ ಗರಿಗಳು ಬೊಗಸೆಯ ಹಾಗೆ ನಿಂತಿವೆ. ಒಂದೊಂದೂ ಸುಮಾರು ಇಪ್ಪತ್ತು ಅಡಿ ಎತ್ತರ. 1847ರಲ್ಲಿ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಐರ್ಲೆಂಡಿನ ಹಸಿವಿನ ಸುದ್ದಿ ಕೇಳಿ 170 ಡಾಲರ್ ಕೂಡಿಸಿ ಕಳಿಸಿದರು. ಆ ಜನರನ್ನು ಅವರದ್ದೇ ನೆಲದಿಂದ ಹೊರಗೆ ಹಾಕಿ ಆಗಿನ್ನೂ ಹದಿನಾರು ವರ್ಷ ಆಗಿತ್ತು. ದಾರಿಯಲ್ಲೇ ಸಾವಿರಾರು ಜನ ಸತ್ತಿದ್ದರು. ಆ ಋಣಕ್ಕೆ ಈ ಗರಿಗಳು. 2020ರಲ್ಲಿ ಕೊರೋನಾ ಬಂದಾಗ ಐರಿಶರು ಅಮೆರಿಕದ ನವಾಹೊ ಮತ್ತು ಹೋಪಿ ಜನರಿಗೆ ಹಣ ಕಳಿಸಿದರು. ಕೊಡುವಾಗ ತುಂಬಾ ಜನ ಬರೆದದ್ದು 1847ರ ಚಾಕ್ಟಾ ಹೆಸರನ್ನು. ಈಗಿನ ಕವಿ ಡಿರನ್ ನೀ ಗ್ರೀಫಾ, ಚಾಕ್ಟಾ ಕವಿ ಲಿಯಾನ್ ಹೌ ಜೊತೆ ಕೂತು ಈ ಕಾಣಿಕೆಯ ಬಗ್ಗೆ ಒಂದು ಗೀತಕಾವ್ಯವನ್ನೇ ಬರೆದಿದ್ದಾರೆ.

ಬರಗಾಲದ ನೆನಪು ಇಲ್ಲಿ ಹೇಗೆ ಉಳಿದಿದೆ ಅನ್ನುವುದಕ್ಕೆ ಒಂದು ನಂಬಿಕೆ ಹೇಳುತ್ತೇನೆ. 'ಫೇರ್ ಗೊರ್ತಾಖ್', ಹಸಿವಿನ ಹುಲ್ಲು. ಬರದಲ್ಲಿ ಯಾರೋ ಹಸಿದು ಸತ್ತ ಜಾಗದಲ್ಲಿ ಬೆಳೆದ ಹುಲ್ಲನ್ನು ತುಳಿದರೆ, ಹೊಟ್ಟೆ ತುಂಬಿದವರಿಗೂ ತಟ್ಟನೆ ಪ್ರಾಣ ಹೋಗುವಂಥ ಹಸಿವು ಹತ್ತುತ್ತದಂತೆ. ಅದಕ್ಕೇ ಹಿಂದಿನವರು ಹೊರಗೆ ಹೊರಡುವಾಗ ಜೇಬಿನಲ್ಲಿ ಒಂದು ತುಂಡು ರೊಟ್ಟಿ ಇಟ್ಟುಕೊಳ್ಳುತ್ತಿದ್ದರು. ಆ ಹಸಿವು ನಿಮ್ಮದಲ್ಲ, ಸತ್ತವರದ್ದು. ಆದರೆ ಹತ್ತುವುದು ನಿಮ್ಮ ಹೊಟ್ಟೆಗೆ.

ನನ್ನ ಪಾಲಿಗೆ ಡೇವಿಟ್ ಕವಿತೆ ಅಂಥ ಹುಲ್ಲು. ಅದನ್ನು ಓದಿದ ರಾತ್ರಿ ಮಗಳ ಕೋಣೆಯ ಬಾಗಿಲು ತೆಗೆಯಲು ಕೈ ನಡುಗಿತು. ಡಬ್ಬಿಗೆ ಹಣ ಹಾಕಿದ್ದು ಆಮೇಲೆ.

ತುಂಗಾ ತೀರ | ಮಂಗಳವಾರ, ರಾತ್ರಿ 10:40

ಹಸಿವಿನ ಹುಲ್ಲು! ಇದನ್ನು ಮರೆಯೋಕೆ ಆಗಲ್ಲ ಅಕ್ಕ.

ಐರಿಶ್‌ನಲ್ಲಿ 'ನನಗೆ ಹಸಿವಾಗಿದೆ' ಅಂತ ಹೇಗೆ ಹೇಳುತ್ತಾರೆ?

ಕಾರ್ಕ್ ಕನ್ನಡತಿ | ಮಂಗಳವಾರ, ರಾತ್ರಿ 10:55

ಅವರು 'ಹಸಿವು ನನ್ನ ಮೇಲಿದೆ' ಅನ್ನುತ್ತಾರೆ. ತಾ ಓಕ್ರಸ್ ಓರಮ್. ದುಃಖವೂ ಹಾಗೇ, ನಾಚಿಕೆಯೂ ಹಾಗೇ, ಎಲ್ಲ ಮೈಮೇಲೆ ಬಂದು ಕೂರುತ್ತವೆ. ನಾವೂ ನಾನು ಹಸಿವು ಅನ್ನುವುದಿಲ್ಲ, ನನಗೆ ಹಸಿವು ಅನ್ನುತ್ತೇವೆ. ಹಸಿವು ಹೊರಗಿನಿಂದ ಬರುವಂಥದ್ದು, ಬಂದು ಹೋಗುವಂಥದ್ದು. ಇವತ್ತು ನನ್ನ ಮೇಲೆ, ನಾಳೆ ನಿಮ್ಮ ಮೇಲೆ. ಮಗಳಿಗೆ ಇದನ್ನು ಕಲಿಸುವಾಗ ಕನ್ನಡದಿಂದಲೇ ಬೇಗ ಅರ್ಥ ಆಯಿತು.

ನೀಲಿ ಶಾಯಿ | ಬುಧವಾರ, ಬೆಳಿಗ್ಗೆ 7:50

ಮೊದಲಿಂದ ಓದುತ್ತಿದ್ದೇನೆ. ನನಗೊಂದು ಮುಜುಗರ. ಎಲ್ಲ ಕೆಟ್ಟದ್ದಕ್ಕೂ ಕಪ್ಪು ಅನ್ನುವ ಕವಿತೆ. ನನ್ನದು ಕಪ್ಪು ಮೈಬಣ್ಣ, ಮನೆಯಲ್ಲೇ ಮಾತು ಕೇಳಿ ಬೆಳೆದವಳು. ಕನ್ನಡಕ್ಕೆ ತರುವಾಗ ಇದು ಚುಚ್ಚುತ್ತದೆ.

ಕಾರ್ಕ್ ಕನ್ನಡತಿ | ಬುಧವಾರ, ಬೆಳಿಗ್ಗೆ 8:30

ನೀವು ಹೇಳಿದ್ದು ಒಳ್ಳೆಯದಾಯಿತು, ನಾನು ಅಷ್ಟು ಯೋಚಿಸಿರಲಿಲ್ಲ. ಐರಿಶ್‌ನಲ್ಲಿ ಕಪ್ಪು ಮೈಬಣ್ಣದವರನ್ನು 'ಡುವ್' ಅನ್ನುವುದಿಲ್ಲ. 'ಗೊರಮ್' ಅನ್ನುತ್ತಾರೆ, ಅಂದರೆ ನೀಲಿ. ಕಪ್ಪು ಮನುಷ್ಯ ಅಂದರೆ ಅವರ ಹಳೇ ಮಾತಿನಲ್ಲಿ ಸೈತಾನ. ಹಾಗಾಗಿ ಮೂಲದಲ್ಲಿ ಆ ಗೊಂದಲ ಇಲ್ಲ. ಕನ್ನಡದಲ್ಲಿ ಇದೆ.

ಇನ್ನೊಂದು ತೊಡಕೂ ಇದೆ. ಜನ ಕಿಕ್ಕಿರಿದಿದ್ದರೆ ಐರಿಶ್‌ನಲ್ಲಿ 'ಜನರಿಂದ ಕಪ್ಪಾಗಿದೆ' ಅನ್ನುತ್ತಾರೆ. ಕವಿತೆಯಲ್ಲಿ ಬೀದಿಗಳು ಕಪ್ಪು ಅಂದವರೇ ಪಕ್ಕದಲ್ಲಿ ಕಂಸ ಹಾಕಿ, ಜನರಿಂದ ಅಲ್ಲ ಅಂತ ಸೇರಿಸುತ್ತಾರೆ. ಅಲ್ಲೇ ಊರು ಖಾಲಿಯಾಗುವ ಮುನ್ಸೂಚನೆ ಇದೆ. ಕೊನೆಯ 'ಬಾನ್' ಅದಕ್ಕೆ ಉತ್ತರ.

ಹಳೇಬೇರು | ಬುಧವಾರ, ಮಧ್ಯಾಹ್ನ 12:20

ಹಾಗಾದರೆ 'ಕಪ್ಪು' ಬಿಡಿ, 'ಕರಿ' ತೆಗೆದುಕೊಳ್ಳಿ. ಹಬ್ಬದ ಮಾರನೇ ದಿನವನ್ನು ನಾವು ಕರಿ ಅನ್ನುತ್ತೇವೆ. ಆ ದಿನ ಒಳ್ಳೇ ಕೆಲಸ ಶುರು ಮಾಡುವುದಿಲ್ಲ. 'ಇದು ಕರಿ ದಿನ' ಅಂದರೆ ಮೈಬಣ್ಣ ನೆನಪಾಗುವುದಿಲ್ಲ, ಕೆಟ್ಟ ದಿನ ಅಂತಲೇ ಕಿವಿಗೆ ಬೀಳುತ್ತದೆ. ಬೆಳೆ ಕರಿ ಹತ್ತಿತು ಅಂತಲೂ ಅನ್ನಬಹುದು. 'ಕರಾಳ ದಿನ' ಅಂತ ಮಾತ್ರ ಬರೆಯಬೇಡಿ, ಅದು ಪೇಪರಿನ ಭಾಷೆ.

ಕೊನೇ ಸಾಲಿಗೆ ಕನ್ನಡದಲ್ಲಿ ನಿಮಗೊಂದು ಅದೃಷ್ಟ ಇದೆ. ಸ್ರೆಬ್ರೆನಿತ್ಸಾ ಅಂದರೆ ಬೆಳ್ಳಿಯ ಊರು ಅಂದಿರಿ. ನಮ್ಮಲ್ಲಿ ಬೆಳ್ಳಿ, ಬಿಳಿ, ಬೆಳ್ಳಗೆ, ಬೆಳಕು ಎಲ್ಲ ಒಂದೇ ಬೇರಿನವು. ಐರಿಶ್‌ನಲ್ಲಿ ಬೆಳ್ಳಿಗೂ ಬಿಳಿಗೂ ಈ ನಂಟಿಲ್ಲ. ಬೆಳ್ಳಿಯ ಊರು ಬಿಳಿಚಿಕೊಂಡಿದೆ ಅಂದರೆ ಹೇಗೆ?

ತುಂಗಾ ತೀರ | ಬುಧವಾರ, ಮಧ್ಯಾಹ್ನ 12:45

ಊರು 'ಬಣಬಣ' ಅಂದರೆ? ಹಬ್ಬ ಮುಗಿದು ಎಲ್ಲರೂ ಹೋದ ಮೇಲೆ ಮನೆ ಬಣಬಣ ಅನ್ನುತ್ತಿದೆ ಅಂತೀವಲ್ಲ.

ಬಳ್ಳಾರಿ ಮೇಷ್ಟ್ರು | ಬುಧವಾರ, ಸಂಜೆ 4:30

ಬಿಳಿಚಿಕೊಂಡವರು ಬದುಕಿರುತ್ತಾರೆ. ಬಣಬಣ ಅಂದರೆ ಹೋದವರು ಮತ್ತೆ ಬರಬಹುದು. ಎರಡೂ ಇಲ್ಲಿ ಕೂರುವುದಿಲ್ಲ ಅಂತ ನನಗೆ ಅನಿಸುತ್ತದೆ.

ನಡುವೆ ಒಂದು ಮಾತು. ಗೇಬ್ರಿಯಲ್ ರೋಸೆನ್‌ಸ್ಟಾಕ್ ಅನ್ನುವ ಐರಿಶ್ ಕವಿ 2019ರಲ್ಲಿ ಗಾಂಧೀಜಿಯ 150ನೇ ವರ್ಷಕ್ಕೆ ಐರಿಶ್ ಮತ್ತು ಇಂಗ್ಲಿಷ್‌ನಲ್ಲಿ ಹೈಕುಗಳ ಪುಸ್ತಕ ತಂದರು. ಚಿತ್ರ ಬರೆದವರು ಕಾಶ್ಮೀರದ ಮಸೂದ್ ಹುಸೇನ್. ಐರಿಶ್ ಹೆಸರಿನ ಅರ್ಥ ಬಿಡುಗಡೆಯ ದಾರಿ. ಇದನ್ನೂ ಯಾರಾದರೂ ಕನ್ನಡಕ್ಕೆ ತರಬೇಕು.

ನೇರಮಾತು | ಬುಧವಾರ, ರಾತ್ರಿ 11:10

ಎರಡು ದಿನ ವಾದ ಮಾಡಿದೆ. ಇವತ್ತು ಒಂದು ವಿಷಯ ಹೇಳುತ್ತೇನೆ.

ನಮ್ಮೂರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿತು. ಸ್ರೆಬ್ರೆನಿತ್ಸಾಗೆ ಹೋಲಿಸುತ್ತಿಲ್ಲ. ನಮ್ಮವರನ್ನು ಯಾರೂ ಕೊಲ್ಲಲಿಲ್ಲ. ಪರಿಹಾರ ಕೊಟ್ಟರು, ಬೇರೆ ಕಡೆ ಪ್ಲಾಟ್ ಕೊಟ್ಟರು. ಬಾಗಿಲು, ಕಿಟಕಿ, ಜಂತಿ, ತೊಲೆ ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದೆವು. ನೀರು ಬರುವ ಮುಂಚೆ ನಾನೊಬ್ಬನೇ ಒಂದು ಸಲ ನೋಡಲು ಹೋಗಿದ್ದೆ. ಆಗ ನನಗೆ ಹದಿನೈದು ವರ್ಷ.

ಹಿಂದಿನ ದೀಪಾವಳಿಗೆ ಬಳಿದ ಸುಣ್ಣ ಗೋಡೆಗಳ ಮೇಲೆ ಹಾಗೇ ಇತ್ತು. ಮೇಲೆ ಮಾಳಿಗೆ ಇಲ್ಲದ್ದರಿಂದ ಬಿಸಿಲು ನೇರ ಒಳಗೋಡೆಗೆ ಬೀಳುತ್ತಿತ್ತು. ಇಡೀ ಊರು ಬೆಳ್ಳಗೆ ಕಾಣುತ್ತಿತ್ತು. ಜನ ಇದ್ದಾಗ ಗೋಡೆ ಮುಂದೆ ಯಾರಾದರೂ ಕೂತಿರುತ್ತಿದ್ದರು, ದನ ಕಟ್ಟಿರುತ್ತಿದ್ದರು, ಜೋಳದ ಚೀಲ ಒರಗಿಸಿರುತ್ತಿದ್ದರು. ಗೋಡೆ ಬಿಳಿ ಅಂತ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ.

ಅಕ್ಕ, 'ಬೆಳ್ಳಗೆ' ಅನ್ನಿ. ಬೇರೇನೂ ಸೇರಿಸಬೇಡಿ. ಖಾಲಿ ಊರು ನೋಡಿದವರಿಗೆ ಅಷ್ಟು ಸಾಕು.

ಕಾರ್ಕ್ ಕನ್ನಡತಿ | ಗುರುವಾರ, ಬೆಳಿಗ್ಗೆ 6:40

ಇದನ್ನು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಕೊನೇ ಸಾಲು ಹೀಗೆ ಬರೆದುಕೊಂಡೆ. ನೀವು ಕೊಟ್ಟ ಪದವೇ ಕಡೆಗೆ ಉಳಿಯಲಿ ಅಂತ ಕ್ರಿಯಾಪದವನ್ನು ಮುಂದಕ್ಕೆ ತಂದಿದ್ದೇನೆ.

ಯಾಕೆಂದರೆ ಸ್ರೆಬ್ರೆನಿತ್ಸಾ, ಬೆಳ್ಳಿಯ ಊರು,
ನಿಂತಿದೆ ಬೆಳ್ಳಗೆ.